ಮುಚ್ಚಿಹೋದ ಜಗಲಿ

ಮನೆಯ ಹಿರಿಯರು ತೀರಿಕೊಂಡರೆ ಅಳುವುದಕ್ಕೆ ಸೂತಕದ ದಿನಗಳಾದರೂ ಉಂಟು. ನಾಲ್ಕು ಜನ ಬಂದು ಸಮಾಧಾನ ಹೇಳುವುದುಂಟು. ಗಣಕಯಂತ್ರದ ತಂತ್ರಾಂಶವೊಂದು ನಿಂತುಹೋಯಿತೆಂದು ಕಣ್ಣೀರಿಡುವ ತರುಣನನ್ನು ಕಂಡರೆ ಮಾತ್ರ ಲೋಕ ನಗುತ್ತದೆ. ಆ ನಗೆ ನ್ಯಾಯವಾದುದಲ್ಲ.

2004ರ ಜನವರಿಯಲ್ಲಿ ಗೂಗಲ್ ಸಂಸ್ಥೆಯು ಆರ್ಕುಟ್ ಎಂಬ ಸ್ನೇಹತಾಣವನ್ನು ತೆರೆಯಿತು. ನಿರ್ಮಿಸಿದ ತಂತ್ರಜ್ಞನ ಹೆಸರೇ ಅದರ ಹೆಸರೂ ಆಯಿತು. ಬ್ರೆಜಿಲ್ಲಿನಂತೆ ಭಾರತವೂ ಅದಕ್ಕೆ ಮನಸೋತಿತು. ಪುತ್ತೂರು, ಸುಳ್ಯ, ಕಡಬಗಳ ಅಡಕೆ ತೋಟದ ಮನೆಗಳಿಂದ ಓದಿಗೋ ಉದ್ಯೋಗಕ್ಕೋ ದೂರದ ನಗರ ಸೇರಿದ ಮಕ್ಕಳಿಗೆ ಅಂಥ ತಾಣವು ಊರಮನೆಯ ಜಗಲಿಯಿದ್ದಂತೆ. ಕಾಲೇಜು ಬಿಟ್ಟ ಮೇಲೆ ಕಾಣದಾದ ಗೆಳೆಯ ಅಲ್ಲಿ ದೊರೆಯುತ್ತಿದ್ದ. ಹಬ್ಬಕ್ಕೆ ಎರಡು ಸಾಲಿನ ಶುಭಾಶಯ ಬರುತ್ತಿತ್ತು.

2014ರ ಜೂನ್ 30ರಂದು ಸಂಸ್ಥೆಯ ಪ್ರಕಟಣೆ ಹೊರಬಿತ್ತು. ಸೆಪ್ಟೆಂಬರ್ 30ಕ್ಕೆ ಬಾಗಿಲು ಮುಚ್ಚಿತು. ಹತ್ತು ವರ್ಷಗಳ ಒಡನಾಟಕ್ಕೆ ಮೂರು ತಿಂಗಳ ಗಡುವು! ಚಿತ್ರಗಳನ್ನು ಇಳಿಸಿಕೊಳ್ಳಲು ಅವಕಾಶವಿತ್ತು, ನಿಜ. ಆದರೆ ಮನೆ ಬಿಡುವವನು ಪಾತ್ರೆಪಡಗವನ್ನು ಹೊರಬಹುದೇ ಹೊರತು ಜಗಲಿಯನ್ನು ಹೊರಲಾರ. ಅದೇ ಸಂಸ್ಥೆಯ ಗೂಗಲ್ ಪ್ಲಸ್ ಕೂಡ 2019ರ ಏಪ್ರಿಲಿನಲ್ಲಿ ಅದೇ ದಾರಿ ಹಿಡಿಯಿತು. ಜಗಲಿ ಕುಳಿತವರದಾಗಿರಲಿಲ್ಲ, ಮನೆಯೊಡೆಯನದು. ದುಃಖದ ತಿರುಳು ಇಲ್ಲಿದೆ.

ಎಲ್ಲ ತಂತ್ರಾಂಶಗಳ ಗತಿಯೂ ಇಷ್ಟೇ ಎನ್ನುವವರು ಒಮ್ಮೆ ಪುತ್ತೂರಿನ ಕಡೆ ನೋಡಬೇಕು. ಪಟ್ಟಣದ ಬಳಿಯ ಸೇಡಿಯಾಪು ಎಂಬ ಊರಿನ ಹೆಸರನ್ನು ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸು, ವ್ಯಾಕರಣಗಳ ವಿದ್ವತ್ತಿನಿಂದ ನಾಡಿಗೆಲ್ಲ ಪರಿಚಯಿಸಿದರು. ಕಿನ್ನಿಕಂಬಳದ ಕೆ. ಪಿ. ರಾವ್ ತಾವು ರಚಿಸಿದ ಕನ್ನಡ ಬರವಣಿಗೆಯ ತಂತ್ರಾಂಶಕ್ಕೆ ಆ ವಿದ್ವಾಂಸರ ನೆನಪಿಗಾಗಿ 'ಸೇಡಿಯಾಪು' ಎಂದೇ ಹೆಸರಿಟ್ಟು, ಬೆಲೆ ಕೇಳದೆ ಹಂಚಿದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ಅಕ್ಷರಮಾಲೆ ಅಡಗಿತು. 'ಕೆ' ಒತ್ತಿದರೆ ಕ, ಅದರ ಹಿಂದೆ 'ಐ' ಒತ್ತಿದರೆ ಕಿ. ಒತ್ತಕ್ಷರಕ್ಕೆ ನಡುವೆ 'ಎಫ್'.

ಇಂದು ಬೆರಳಚ್ಚಿಸುವ ಬಹುಮಂದಿಗೆ 'ಸೇಡಿಯಾಪು' ತಂತ್ರಾಂಶದ ಹೆಸರೇ ತಿಳಿಯದು. ಆದರೆ ಅದರ ಕೀಲಿಗಳ ಕ್ರಮವನ್ನು ಸರ್ಕಾರ ಮಾನ್ಯ ಮಾಡಿತು. 'ನುಡಿ' ತಂತ್ರಾಂಶ ಅದನ್ನು ಮುಂದುವರಿಸಿತು. ಕಚೇರಿಯ ಗುಮಾಸ್ತನ ಬೆರಳುಗಳಲ್ಲಿ ಅದು ಇನ್ನೂ ಓಡಾಡುತ್ತಿದೆ. ಹೆಸರು ಮರೆಯಾಯಿತು, ಉಪಕಾರ ಉಳಿಯಿತು.

ಮುಚ್ಚಿದ ಜಗಲಿಗಾಗಿ ಮರುಗುವವರು ಮರುಗಲಿ, ಪ್ರೀತಿಯಿಟ್ಟದ್ದಕ್ಕೆ ನಾಚಬೇಕಿಲ್ಲ. ಮುಂದೆ ಹೊಸ ಜಗಲಿಯಲ್ಲಿ ಕೂರುವ ಮುನ್ನ ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದರ ಬೀಗದ ಕೈ ಯಾರ ಸೊಂಟದಲ್ಲಿದೆ?