ಹಳೆಯ ಬ್ಯಾಟರಿ ಕಾರು ಮತ್ತು ದಾಸೋಹ ಭಾವ

ಬಸವಾದಿ ಶರಣರು ದಾನಕ್ಕಿಂತ ದಾಸೋಹವನ್ನು ಹಿರಿದೆಂದು ಬಗೆದರು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಕೊಂಬ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು. ಮಹಾದಾಸೋಹಿ ಶರಣಬಸವೇಶ್ವರರು ನಡೆದಾಡಿದ ಕಲಬುರಗಿ ನಾಡಿನಲ್ಲಿ ಅನ್ನದ ವಿಷಯವಾಗಿ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳಸಿದ ಅನ್ನವನ್ನು ಇಲ್ಲಿ ಯಾರೂ ಪಂಕ್ತಿಯಲ್ಲಿ ಬಡಿಸುವುದಿಲ್ಲ. ಬಳಸಿ ಬಿಟ್ಟ ವಸ್ತುವನ್ನು ಕೊಡುವಾಗ ಮಾತ್ರ ಈ ಎಚ್ಚರ ಜಾರಿಹೋಗುತ್ತದೆ.

ಚಿಂಚೋಳಿ ತಾಲ್ಲೂಕಿನ ಐನಾಪುರದಂತಹ ಊರುಗಳಿಂದ ಓದು, ಉದ್ಯೋಗಗಳಿಗಾಗಿ ಹೈದರಾಬಾದು, ಪುಣೆ, ಬೆಂಗಳೂರು ಸೇರಿದ ಭಕ್ತರು ಇದ್ದಾರೆ. ೨೦೨೦ರ ಆಚೀಚೆ ನಗರಗಳಲ್ಲಿ ಕೊಂಡ ವಿದ್ಯುತ್ ಕಾರುಗಳು ಈಗ ಹಳೆಯವಾಗುತ್ತಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಹುಟ್ಟೂರಿನ ಕಡೆಯ ವೃದ್ಧಾಶ್ರಮಕ್ಕೋ ಶಾಲೆಗೋ ಒಪ್ಪಿಸೋಣವೆಂಬ ಸದಿಚ್ಛೆ ಹುಟ್ಟುವುದು ಸಹಜ. ಪೆಟ್ರೋಲಿನ ಖರ್ಚಿಲ್ಲ, ಹೊಗೆಯಿಲ್ಲ, ಮನೆಯ ದೊಡ್ಡ ಪ್ಲಗ್ಗಿನಿಂದಲೇ ರಾತ್ರಿ ಚಾರ್ಜು ಮಾಡಬಹುದು. ಇಚ್ಛೆ ಒಳ್ಳೆಯದೇ ಸರಿ. ಆದರೆ ಆ ಕಾರು ಕೊಂಡವರ ಪಾಲಿಗೆ ಪ್ರಸಾದವಾಗುವುದೋ ಹೊರೆಯಾಗುವುದೋ ಎಂಬುದನ್ನು ಕೊಡುವ ಮೊದಲೇ ವಿಚಾರಿಸಬೇಕು.

ಪೆಟ್ರೋಲ್ ಕಾರು ಹಳೆಯದಾದರೆ ಊರಿನ ಮೇಸ್ತ್ರಿಯೇ ಬಿಚ್ಚಿ ಸರಿಮಾಡಿ ಕೊಡುತ್ತಾನೆ. ವಿದ್ಯುತ್ ಕಾರಿನ ಜೀವವಿರುವುದು ಬ್ಯಾಟರಿಯಲ್ಲಿ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲೂ ಅದರದೇ. ಕನ್ನಡ ನಾಡಿಗೆ ಈ ಪಾಠ ಹೊಸದಲ್ಲ. ೨೦೦೧ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಎಂಬ ಪುಟ್ಟ ಕಾರು ಸೀಸ–ಆಮ್ಲದ ಬ್ಯಾಟರಿಗಳ ಮೇಲೆ ಓಡುತ್ತಿತ್ತು. ಒಮ್ಮೆ ಪೂರ್ಣ ಚಾರ್ಜು ಮಾಡಿದರೆ ಸುಮಾರು ೮೦ ಕಿಲೋಮೀಟರ್ ಎಂದು ಹೇಳಲಾಗುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ಇಡೀ ಬ್ಯಾಟರಿ ಸೆಟ್ಟನ್ನೇ ಬದಲಿಸಬೇಕಿತ್ತು. ೨೦೧೦ರಲ್ಲಿ ಆ ಸಂಸ್ಥೆ ಮಹೀಂದ್ರಾದ ಕೈಸೇರಿತು. ೨೦೧೩ರಲ್ಲಿ ಲಿಥಿಯಂ ಬ್ಯಾಟರಿಯ ಇ೨ಒ ಬಂದಿತು, ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆಯೂ ನಿಂತಿತು. ಇಂತಹ ಕಾರನ್ನು ಹಳ್ಳಿಯ ಸಂಸ್ಥೆಗೆ ಕೊಟ್ಟರೆ ಬಿಡಿಭಾಗಗಳನ್ನು ಹುಡುಕಿಕೊಂಡು ಅಲೆಯುವವರು ಯಾರು? ಕೊಟ್ಟವರಂತೂ ಅಲ್ಲ.

ಈಗಿನ ಲಿಥಿಯಂ ಬ್ಯಾಟರಿಗಳು ಅದಕ್ಕಿಂತ ಬಹಳ ಬಾಳುತ್ತವೆ. ೨೦೨೦ರಲ್ಲಿ ಬಂದ ನೆಕ್ಸಾನ್ ಇವಿಯ ಬ್ಯಾಟರಿಗೆ ೮ ವರ್ಷ ಅಥವಾ ೧,೬೦,೦೦೦ ಕಿಲೋಮೀಟರುಗಳ ವಾರಂಟಿಯಿತ್ತು. ಆ ಲೆಕ್ಕದಲ್ಲಿ ಮೊದಲ ಕಾರುಗಳ ಅವಧಿ ೨೦೨೮ಕ್ಕೆ ಮುಗಿಯುತ್ತದೆ. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಚಿಂಚೋಳಿ, ಸೇಡಂ, ವಾಡಿಗಳ ಸೆಕೆಯಂತೂ ಬ್ಯಾಟರಿಗೆ ಶತ್ರು. ಪೂರ್ಣ ಚಾರ್ಜು ಮಾಡಿ ಬಿಸಿಲಿನಲ್ಲಿ ನಿಲ್ಲಿಸಿದರೆ ಅದು ಬೇಗ ಸವೆಯುತ್ತದೆ. ಆದುದರಿಂದ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯವನ್ನು ಅಳೆಯಿಸಿ, ಶೇಕಡಾ ಎಷ್ಟು ಶಕ್ತಿ ಉಳಿದಿದೆಯೆಂಬ ವರದಿಯನ್ನೂ ವಾರಂಟಿ ಎರಡನೆಯ ಒಡೆಯನಿಗೆ ಸಲ್ಲುವುದೇ ಎಂಬ ಉತ್ತರವನ್ನೂ ಕಾರಿನೊಡನೆ ಒಪ್ಪಿಸುವುದು ಕೊಡುವವನ ಕರ್ತವ್ಯ. ಚಿಂಚೋಳಿಯಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ ೮೦ ಕಿಲೋಮೀಟರಿಗೂ ಹೆಚ್ಚು ದೂರ. ರೋಗಿಯನ್ನು ಕೂರಿಸಿಕೊಂಡು ಹೊರಟ ಕಾರು ನಡುದಾರಿಯಲ್ಲಿ ನಿಂತರೆ ಆ ದಾನದ ಪುಣ್ಯ ಯಾರಿಗೆ ಬೇಕು? ಅದೇ ಕಾರು ಊರೊಳಗಿನ ಓಡಾಟಕ್ಕೆ, ಮಕ್ಕಳನ್ನು ಶಾಲೆಗೆ ಮುಟ್ಟಿಸುವುದಕ್ಕೆ, ಬಿಸಿಯೂಟ ಸಾಗಿಸುವುದಕ್ಕೆ ಇನ್ನೂ ಹಲವು ವರ್ಷ ಯೋಗ್ಯವಾಗಿರಬಹುದು. ಯಾವ ಕೆಲಸಕ್ಕೆ ಎಂಬುದನ್ನು ಮೊದಲು ತಿಳಿದು ಕೊಡಬೇಕು.

ಕಾಗದಪತ್ರಗಳ ಮಾತು ಚಿಕ್ಕದಾದರೂ ಬಿಡುವಂತಿಲ್ಲ. ಬೀಗದ ಕೈ ಕೊಟ್ಟೊಡನೆ ಒಡೆತನ ಬದಲಾಗುವುದಿಲ್ಲ. ಫಾರಂ ೨೯ ಮತ್ತು ೩೦ರ ಮೂಲಕ ಸಂಸ್ಥೆಯ ಹೆಸರಿಗೆ ನೋಂದಣಿ ವರ್ಗವಾಗಬೇಕು. ತೆಲಂಗಾಣದಲ್ಲಿ ನೋಂದಣಿಯಾದ ಕಾರಾದರೆ ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು. ಹೆಸರು ಬದಲಾಗದೆ ಅಪಘಾತವಾದರೆ ಪರಿಹಾರದ ಹೊಣೆ ನೋಂದಾಯಿತ ಒಡೆಯನದೇ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಹೇಳಿದೆ. ವಿಮೆಯೂ ಸಂಸ್ಥೆಯ ಹೆಸರಿಗೇ ಬರಬೇಕು.

ಅಮೆರಿಕದಲ್ಲಿ ಹಳೆಯ ಕಾರನ್ನು ಸೇವಾ ಸಂಸ್ಥೆಗೆ ಕೊಡುವುದು ದೊಡ್ಡ ರೂಢಿ. ಸಂಸ್ಥೆ ಅದನ್ನು ಮಾರಿ ಹಣ ಮಾಡಿಕೊಳ್ಳುತ್ತದೆ, ಕೊಟ್ಟವನಿಗೆ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತದೆ. ಭಾರತದಲ್ಲಿ ೮೦ಜಿ ಎಂದು ಹೆಸರಾದ ರಿಯಾಯಿತಿ ಹಣದ ರೂಪದ ದಾನಕ್ಕೆ ಮಾತ್ರ, ವಸ್ತುವಿಗಲ್ಲ. ಆ ಆಸೆಯಿದ್ದವರು ಕಾರನ್ನು ತಾವೇ ಮಾರಿ ಹಣವನ್ನು ಬ್ಯಾಂಕಿನ ಮೂಲಕ ಸಲ್ಲಿಸುವುದು ಲೇಸು. ನಿಜ ಹೇಳುವುದಾದರೆ, ತೆರಿಗೆಯ ಆಸೆಯಿಲ್ಲದವರಿಗೂ ಬಹುಪಾಲು ಸಂದರ್ಭಗಳಲ್ಲಿ ಇದೇ ಉಚಿತವಾದ ದಾರಿ. ಸಂಸ್ಥೆಗೆ ಅಕ್ಕಿ ಬೇಕಾಗಿರಬಹುದು, ಔಷಧ ಬೇಕಾಗಿರಬಹುದು. ಕಾರು ಬೇಕೆಂದು ಅದು ಕೇಳಿದೆಯೇ?

ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಬಡತನದ ಮನೆಯ ಹೆಣ್ಣುಮಗಳು ಬಂದುದನ್ನು ಬೇಡವೆಂದಳು. ಈ ಪ್ರಸಂಗವನ್ನು ಮಿತವ್ಯಯದ ಪಾಠವೆಂದಷ್ಟೇ ಓದುವವರು ಅದರ ಧೀರತೆಯನ್ನು ಮರೆಯುತ್ತಾರೆ. ಬೇಡವೆನ್ನುವ ಅಧಿಕಾರ ಕೊಂಬವರಿಗೂ ಇದೆ. ದಾನಿಯು ಮುನಿದಾನೆಂಬ ಅಂಜಿಕೆಯಿಂದ ಕೆಟ್ಟ ಬ್ಯಾಟರಿಯ ಕಾರನ್ನು ಅಂಗಳದಲ್ಲಿ ನಿಲ್ಲಿಸಿಕೊಳ್ಳುವ ಸಂಸ್ಥೆಗೆ ಆ ಧೀರತೆ ಬರಬೇಕು. ಗುಡಿಯ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಮುಚ್ಚುವಂತೆ ಹೆಸರು ಬರೆಯಿಸುವ ದಾನಿಗಳ ಕಾಲದಲ್ಲಿ ಕಾರಿನ ಬಾಗಿಲು ಎಷ್ಟು ಅಗಲವೆಂಬುದನ್ನು ಹೇಳಬೇಕಾಗಿಲ್ಲ.

ಕೊಡಲೇಬೇಕೆಂದು ನಿಶ್ಚಯಿಸಿದ ಭಕ್ತರು ಕಾರಿನ ಜೊತೆಗೆ ಮೊದಲ ಎರಡು ವರ್ಷಗಳ ವಿಮೆ, ಟೈರು, ದುರಸ್ತಿಯ ಹಣವನ್ನೂ ಸಂಸ್ಥೆಯ ಖಾತೆಗೆ ಸಲ್ಲಿಸಲಿ. ಬ್ಯಾಟರಿ ಸತ್ತ ದಿನ ಅದನ್ನು ಗುಜರಿಯವನಿಗೆ ತೂಗಿ ಹಾಕುವಂತಿಲ್ಲ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ತಯಾರಕರ ಸಂಗ್ರಹಣಾ ವ್ಯವಸ್ಥೆಗೋ ನೋಂದಾಯಿತ ಮರುಬಳಕೆದಾರರಿಗೋ ಮುಟ್ಟಿಸಬೇಕು. ಐನಾಪುರದಿಂದ ಅದನ್ನು ಸಾಗಿಸುವ ಖರ್ಚು ಯಾರದೆಂಬುದನ್ನೂ ಕಾರು ಒಪ್ಪಿಸುವ ದಿನವೇ ಬರೆದಿಡುವುದು ಒಳಿತು.