ವಸ್ತಾದರಿಗೆ ಶಾಲು ಸಾಲದು, ಸಂಬಳ ಬೇಕು

ಬೆಳಗಾವಿಯ ಆನಂದವಾಡಿ ಕಣದಲ್ಲಿ ಕುಸ್ತಿ ನೋಡಿ ಬಂದವರು ಗೆದ್ದ ಪೈಲವಾನನ ಹೆಸರನ್ನು ವಾರವಿಡೀ ಆಡುತ್ತಾರೆ. ಅವನಿಗೆ ಪಟ್ಟು ಕಲಿಸಿದ ವಸ್ತಾದರು ಯಾರೆಂದು ಕೇಳುವವರು ಎಷ್ಟು ಮಂದಿ?

ನಮ್ಮ ಜಿಲ್ಲೆಯ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾ ಸಿಂಗರನ್ನು ಸೋಲಿಸಿ ದೇಶದ ಮೊದಲ ಹಿಂದ್ ಕೇಸರಿಯಾದರು. ಅವರನ್ನು ತಿದ್ದಿದ್ದು ಕೊಲ್ಲಾಪುರದ ಶಾಹುಪುರಿ ತಾಲೀಮು. ಕಣದಿಂದ ಇಳಿದ ಮೇಲೆ ಅವರೂ ವಸ್ತಾದರಾಗಿ ಅಲ್ಲಿಯೇ ಹುಡುಗರನ್ನು ತಯಾರು ಮಾಡಿದರು. 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲಿಯೇ ತೀರಿಕೊಂಡರು.

ನಮ್ಮ ಮಣ್ಣಿನ ಮಗ ಕೊಲ್ಲಾಪುರಕ್ಕೇ ಏಕೆ ಹೋಗಬೇಕಾಯಿತು? ಅಲ್ಲಿ ಶಾಹೂ ಮಹಾರಾಜರು ಕಣ ಕಟ್ಟಿಸಿದ್ದರು, ಪೈಲವಾನರನ್ನು ಸಾಕಿದ್ದರು, ವಸ್ತಾದರ ಹೊಟ್ಟೆಯನ್ನೂ ನೋಡಿದ್ದರು. ರಾಜರ ಕಾಲ ಮುಗಿಯಿತು. ಆ ಹೊಣೆಯನ್ನು ಪ್ರಜಾರಾಜ್ಯ ಪೂರ್ತಿ ಹೊತ್ತಿತೇ?

ಮಾಜಿ ಪೈಲವಾನರಿಗೆ ಸರಕಾರ ಮಾಸಾಶನ ಕೊಡುತ್ತದೆ. ಒಳ್ಳೆಯದೇ. ಆದರೆ ಅದು ನಿನ್ನೆಯ ಗೆಲುವಿಗೆ ಸಲ್ಲುವ ಗೌರವ. ನಸುಕಿನಲ್ಲಿ ಎದ್ದು ಗರಡಿಯ ಮಣ್ಣು ಹದ ಮಾಡಿ, ಹುಡುಗರಿಂದ ದಂಡ-ಬೈಠಕ್ ಹೊಡೆಸುವುದು ಇಂದಿನ ದುಡಿಮೆ. ದುಡಿಮೆಗೆ ಕೂಲಿ ಬೇಡವೇ? ಕ್ರೀಡಾ ನಿಲಯಗಳಲ್ಲಿ ಸರಕಾರಿ ತರಬೇತುದಾರರಿದ್ದಾರೆ, ನಿಜ. ಖಾನಾಪುರದ ಕಾಡಂಚಿನ ಹುಡುಗ ಆ ನಿಲಯಕ್ಕೆ ಆರಿಸಿ ಬರುವ ತನಕ ಅವನನ್ನು ತಯಾರು ಮಾಡುವವರು ಯಾರು? ಊರ ಗರಡಿಯ ವಸ್ತಾದರೇ.

ವಸ್ತಾದಿಕೆ ಸೇವೆ, ಅದಕ್ಕೆ ಬೆಲೆ ಕಟ್ಟಬಾರದು ಎನ್ನುವ ದೊಡ್ಡವರಿದ್ದಾರೆ. ನಾವೂ ಹಳ್ಳಿಯ ಶಾಲೆಯಲ್ಲಿ ಮಗ್ಗಿ ಕಲಿಸಿದವರು. ವಿದ್ಯಾದಾನ ಮಹಾದಾನವೆಂದು ಭಾಷಣ ಕೇಳಿದರೂ ತಿಂಗಳ ಸಂಬಳಕ್ಕೆ ಸಹಿ ಹಾಕಿಯೇ ಸಂಸಾರ ನಡೆಸಿದೆವು. ಖಾನಾಪುರದಲ್ಲಿ ಕುಂಬಾರಿಕೆ ಕಲಿಸಲು ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆಯೇ ಇದೆ. ಅಲ್ಲಿಯ ಗುರು ಪುಕ್ಕಟೆ ಕಲಿಸಲಿ ಎಂದು ಯಾರೂ ಹೇಳುವುದಿಲ್ಲ. ಮಣ್ಣಿನಿಂದ ಮಡಕೆ ಮಾಡುವುದನ್ನು ಕಲಿಸಿದರೆ ಸಂಬಳ, ಅದೇ ಮಣ್ಣಿನಲ್ಲಿ ಮನುಷ್ಯನನ್ನು ಗಟ್ಟಿಮಾಡಿದರೆ ಬರಿಯ ಶಾಲು, ತೆಂಗಿನಕಾಯಿ! ಇದೆಂಥ ನ್ಯಾಯ? ಸೇವೆಯೆಂಬ ಹೆಸರಿಟ್ಟ ಮಾತ್ರಕ್ಕೆ ಬಿಟ್ಟಿ ದುಡಿಮೆ ಧರ್ಮವಾಗುವುದಿಲ್ಲ.

ನಮ್ಮ ಬೇಡಿಕೆ ಎರಡೇ. ನಿತ್ಯ ಸಾಮು ನಡೆಯುವ ಪ್ರತಿಯೊಂದು ಊರ ಗರಡಿಯ ವಸ್ತಾದರಿಗೆ ತಿಂಗಳ ಸಂಬಳ ಗೊತ್ತುಮಾಡಬೇಕು. ಬಡವರ ಮಕ್ಕಳ ಹಾಲು-ಬಾದಾಮಿಯ ಖರ್ಚನ್ನು ಸರಕಾರ ಹೊರಬೇಕು. ಇಲ್ಲವಾದರೆ ಗರಡಿ ಉಳ್ಳವರ ಮಕ್ಕಳ ಶೋಕಿಯಾಗುತ್ತದೆ. ರೈತ-ಕೂಲಿಗಳ ಮಕ್ಕಳು ಕಣದ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಸಲ ಕುಸ್ತಿಯ ಕಣಕ್ಕೆ ಬಂದು ರುಮಾಲು ಸುತ್ತಿಸಿಕೊಳ್ಳುವ ಮಂತ್ರಿಗಳನ್ನು ಜನ ಈ ಮಾತು ಕೇಳಬೇಕು.