ಪುಟ್ಟ ಗಣಕದ ಯಜಮಾನ ಯಾರು?

ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ನಮ್ಮ ಪಕ್ಷದ ಕಚೇರಿಗೆ ಬಂದರು. ಒಬ್ಬರು ನೂಲಿನ ಗಿರಣಿಯ ಕಾರ್ಮಿಕರು. ಮಗಳು ಡಿಪ್ಲೊಮಾ ಓದುತ್ತಿದ್ದಾಳೆ. ಇನ್ನೊಬ್ಬರು ಸಂತೆ ಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಇಬ್ಬರ ಕಂಕುಳಲ್ಲೂ ಒಂದೊಂದು ಲ್ಯಾಪ್‌ಟಾಪು. ಇಬ್ಬರ ಅಹವಾಲೂ ಒಂದೇ: “ಮೇಷ್ಟ್ರೇ, ಇದು ಇನ್ನು ಕೆಲಸಕ್ಕೆ ಬಾರದಂತೆ. ಮಾರುವವರು ಹೊಸದು ಕೊಳ್ಳಿ ಅಂತಾರೆ. ಹೌದೇ?”

ನಾನು ಮೆಟ್ರಿಕ್‌ವರೆಗೆ ಓದಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಗಣಕಶಾಸ್ತ್ರದಲ್ಲಿ ಪಂಡಿತನಲ್ಲ. ಆದರೆ ಸಂಘದ ಸದಸ್ಯತ್ವದ ಪಟ್ಟಿ, ಕರಪತ್ರ, ಅರ್ಜಿಗಳ ನಿಮಿತ್ತ ಹಳೆಯ ಗಣಕಗಳೊಡನೆ ಹೆಣಗಿ ಒಂದಿಷ್ಟು ಕಲಿತಿದ್ದೇನೆ. ಕಲಿತದ್ದರಲ್ಲಿ ಒಂದು ಪಾಠ ಇನ್ನೊಬ್ಬರ ನಷ್ಟದಿಂದ ಬಂದದ್ದು. ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ವಿಷಯ ಏನೆಂದು ನೋಡೋಣ. ಗಿರಣಿಯಲ್ಲಿ ಯಂತ್ರಗಳಿವೆ, ಹತ್ತಿಯಿದೆ, ಕೆಲಸಗಾರರಿದ್ದಾರೆ. ಯಾವ ಯಂತ್ರಕ್ಕೆ ಯಾರು, ಎಷ್ಟು ಹೊತ್ತು ಎಂದು ಹಂಚುವ ಮೇಸ್ತ್ರಿಯಿಲ್ಲದಿದ್ದರೆ ಪಾಳಿ ನಡೆಯದು. ಗಣಕದೊಳಗೆ ಆ ಮೇಸ್ತ್ರಿಯ ಕೆಲಸ ಮಾಡುವುದೇ ಆಪರೇಟಿಂಗ್ ಸಿಸ್ಟಮ್. ಕೀಲಿಮಣೆ, ಪರದೆ, ನೆನಪು, ಡಿಸ್ಕು, ಮುದ್ರಣಯಂತ್ರ ಎಲ್ಲವೂ ಅದರ ಮಾತಿನಂತೆ ನಡೆಯತಕ್ಕದ್ದು. ನಮ್ಮ ಊರಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಈ ಮೇಸ್ತ್ರಿಯ ಹೆಸರು ವಿಂಡೋಸ್. ಅದರ ಒಡೆತನ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯದು.

2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಕಂಪನಿಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ಅಂದು ಗಣಕಗಳೇನೂ ಆರಿಹೋಗಲಿಲ್ಲ. ಆದರೆ ಕಳ್ಳರು ಹೊಸ ಕಿಂಡಿ ಕಂಡುಹಿಡಿದರೆ ಅದನ್ನು ಮುಚ್ಚುವ ಉಚಿತ ರಿಪೇರಿ ನಿಂತಿತು. ಬೇಕಾದವರು ನೋಂದಾಯಿಸಿಕೊಂಡರೆ ಮನೆಬಳಕೆಯ ಗಣಕಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚಿನ ರಕ್ಷಣೆ ಕೊಡುವುದಾಗಿ ಕಂಪನಿ ಪ್ರಕಟಿಸಿತು. ಅದು ಒಂದು ವರ್ಷದ ಸಾವಕಾಶವೇ ಹೊರತು ಪರಿಹಾರವಲ್ಲ.

ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳಬಾರದೇ ಎಂದು ಕೇಳುವಿರಿ. ಅದಕ್ಕೆ ಕನಿಷ್ಠ 4 ಜಿ.ಬಿ. ನೆನಪು, 64 ಜಿ.ಬಿ. ಸಂಗ್ರಹ, ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗ, ಕಂಪನಿ ಒಪ್ಪಿದ ಪಟ್ಟಿಯೊಳಗಿನ ಸಂಸ್ಕಾರಕ, ಇಷ್ಟೂ ಬೇಕು. ಆ ಹುಡುಗಿಯ ಹನ್ನೊಂದು ಅಂಗುಲದ ಲ್ಯಾಪ್‌ಟಾಪಿನಲ್ಲಿರುವುದು 2 ಜಿ.ಬಿ. ನೆನಪು, 32 ಜಿ.ಬಿ. ಸಂಗ್ರಹ. ಎರಡನ್ನೂ ಒಳಫಲಕಕ್ಕೆ ಬೆಸುಗೆ ಹಾಕಿದ್ದಾರೆ, ಹೆಚ್ಚಿಸುವ ಹಾಗಿಲ್ಲ. ಅಂಗಡಿಯವರ ಗಣಕದಲ್ಲಿ 4 ಜಿ.ಬಿ. ನೆನಪೂ 500 ಜಿ.ಬಿ. ಡಿಸ್ಕೂ ಇದೆ, ಆದರೆ ಸಂಸ್ಕಾರಕ ಹಳೆಯದು, ಪಟ್ಟಿಯಲ್ಲಿಲ್ಲ. ಎರಡು ಯಂತ್ರಗಳ ಪರದೆಯೂ ನೆಟ್ಟಗಿದೆ, ಕೀಲಿಗಳೂ ಓಡುತ್ತವೆ. ಹೀಗೆ ಕೆಡದ ವಸ್ತುವನ್ನು ಕೆಟ್ಟಿತೆಂದು ಹೇಳಿ ಬಡವನ ಕೈಯಿಂದ ಎಸೆಸುವುದು ಯಾವ ನ್ಯಾಯ?

ಇಲ್ಲಿ ಒಂದಿಷ್ಟು ಹಿಂದಿನ ಕಥೆ ಹೇಳಬೇಕು. 2007ರಲ್ಲಿ ತೈವಾನಿನ ಆಸುಸ್ ಕಂಪನಿಯು ‘ಈ ಪಿ.ಸಿ.’ ಎಂಬ ಏಳು ಅಂಗುಲದ ಅಗ್ಗದ ಲ್ಯಾಪ್‌ಟಾಪನ್ನು ಪೇಟೆಗೆ ತಂದಿತು. ಅದರ ಸಂಗ್ರಹ ಬರಿಯ 4 ಜಿ.ಬಿ., ನೆನಪು ಅರ್ಧ ಜಿ.ಬಿ. ಅಂಥ ಪುಟ್ಟ ಯಂತ್ರದಲ್ಲಿ ಅವರು ಹಾಕಿ ಮಾರಿದ್ದು ಲಿನಕ್ಸ್. ಜನ ಅದನ್ನು ಮೆಚ್ಚಿ ಕೊಂಡರು. ಪೇಟೆ ಕೈತಪ್ಪುವುದೆಂದು ಕಂಡ ಮೈಕ್ರೋಸಾಫ್ಟ್, ತಾನು ಕೈಬಿಡಲಿದ್ದ ವಿಂಡೋಸ್ ಎಕ್ಸ್‌ಪಿಯ ಮಾರಾಟವನ್ನು ಇಂಥ ಅಗ್ಗದ ಯಂತ್ರಗಳಿಗಾಗಿ ಮುಂದುವರಿಸುವುದೆಂದು 2008ರಲ್ಲಿ ಸಾರಿತು. ಕೆಲವೇ ವರ್ಷಗಳಲ್ಲಿ ಪುಟ್ಟ ಲ್ಯಾಪ್‌ಟಾಪುಗಳ ಪೇಟೆ ಪುನಃ ವಿಂಡೋಸಿನದಾಯಿತು. ಪುಟ್ಟ ಯಂತ್ರಕ್ಕೆ ಜಾಗ ಮಾಡಿಕೊಡಲು ಆ ದಿನ ಮನಸ್ಸಿತ್ತು, ಏಕೆಂದರೆ ಪೈಪೋಟಿಯಿತ್ತು. ಪೈಪೋಟಿ ಸೋತ ಮೇಲೆ ಆ ಮನಸ್ಸು ಎಲ್ಲಿ ಉಳಿದೀತು?

ಆ ಲಿನಕ್ಸ್ ಇಂದಿಗೂ ಇದೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ‘ಗ್ನೂ’ ಎಂಬ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆಯತೊಡಗಿದ. ಇವೆರಡು ಕೂಡಿ, ಇನ್ನೂ ಸಾವಿರಾರು ಮಂದಿಯ ದುಡಿಮೆ ಸೇರಿ, ನಾವು ಲಿನಕ್ಸ್ ಎನ್ನುವ ವ್ಯವಸ್ಥೆಯಾಯಿತು. ಅದನ್ನು ಹಲವರು ಹಲವು ಬಗೆಯಲ್ಲಿ ಕಟ್ಟಿ ಕೊಡುತ್ತಾರೆ: ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಹೀಗೆ. ನಮ್ಮ ಸಿ-ಡ್ಯಾಕ್ ಸಂಸ್ಥೆಯೂ ‘ಬಾಸ್’ ಎಂಬ ಹೆಸರಿನಲ್ಲಿ ಒಂದನ್ನು ಕಟ್ಟಿದೆ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಬಹು ವರ್ಷಗಳಿಂದ ಗಣಕ ಕಲಿಯುತ್ತಿರುವುದು ಲಿನಕ್ಸಿನಲ್ಲೇ.

ಇವುಗಳಲ್ಲಿ ಡೆಬಿಯನ್ನಿನ ಮೇಲೆ ನನಗೆ ವಿಶೇಷ ಆದರ. 1993ರಲ್ಲಿ ಶುರುವಾದ ಇದನ್ನು ನಾನಾ ದೇಶಗಳ ಸ್ವಯಂಸೇವಕರು ನಡೆಸುತ್ತಾರೆ. 1997ರಲ್ಲಿ ಅವರು ಬಳಕೆದಾರರೊಡನೆ ಒಂದು ‘ಸಾಮಾಜಿಕ ಒಪ್ಪಂದ’ವನ್ನು ಬರೆದುಕೊಂಡರು. ಅವರಿಗೊಂದು ಸಂವಿಧಾನವಿದೆ, ಪ್ರತಿ ವರ್ಷವೂ ಮತ ಹಾಕಿ ತಮ್ಮ ಮುಖಂಡನನ್ನು ಆರಿಸುತ್ತಾರೆ. ನಮ್ಮ ಎಷ್ಟು ಸಂಘಗಳಲ್ಲಿ ವರ್ಷಕ್ಕೊಮ್ಮೆ ಚುನಾವಣೆ ತಪ್ಪದೆ ನಡೆಯುತ್ತದೆ, ಬಲ್ಲವರು ಹೇಳಲಿ! ಆದರೆ ಇವರೂ ದೇವತೆಗಳಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ, ಬರಿಯ 32 ಬಿಟ್ ಸಂಸ್ಕಾರಕದ ಹಳೆಯ ಗಣಕಗಳಿಗೆ ಹೊಸದಾಗಿ ಹಾಕಿಕೊಳ್ಳುವ ಅನುಕೂಲವನ್ನು ಕೈಬಿಟ್ಟರು. ದುಡಿಯುವ ಕೈಗಳು ಸಾಲದಾದಾಗ ಅವರೂ ಗೆರೆ ಎಳೆಯುತ್ತಾರೆ. ಒಂದು ವ್ಯತ್ಯಾಸ ಮಾತ್ರ ಇದೆ. ಗೆರೆಯಾಚೆ ಉಳಿದವರು ಅದೇ ಸಾಮಗ್ರಿಯನ್ನು ತೆಗೆದುಕೊಂಡು ತಾವೇ ಮುಂದುವರಿಸಲು ಅಡ್ಡಿಯಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಎರಡು ವರ್ಷಗಳ ಕೆಳಗೆ ನಾನು ಹೊಸ ಉತ್ಸಾಹದಲ್ಲಿದ್ದೆ. ಕಂಡವರ ಗಣಕಕ್ಕೆಲ್ಲ ಲಿನಕ್ಸ್ ಹಾಕುವುದೇ ದೊಡ್ಡ ಸೇವೆ ಎಂದುಕೊಂಡಿದ್ದೆ. ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರು, ನಮ್ಮ ಪಕ್ಷಕ್ಕೆ ಬಹಳ ಬೇಕಾದವರು, “ಗಣಕ ನಿಧಾನವಾಗಿದೆ, ಸ್ವಲ್ಪ ನೋಡಿ” ಎಂದು ಕೊಟ್ಟು ಹೋದರು. ನಾನು ಏನೂ ಕೇಳಲಿಲ್ಲ. ಪೆನ್ ಡ್ರೈವ್ ಚುಚ್ಚಿದೆ, ಪರದೆಯ ಮೇಲೆ ಬಂದ ‘ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬುದನ್ನು ಒತ್ತಿದೆ. ಅರ್ಧ ಗಂಟೆಯಲ್ಲಿ ಹೊಸ ವ್ಯವಸ್ಥೆ ಥಳಥಳಿಸಿತು. ಸಂಜೆ ಅವರು ಬಂದು ಕೇಳಿದ ಮೊದಲ ಮಾತು: “ನನ್ನ ಉದ್ರಿ ಲೆಕ್ಕ ಎಲ್ಲಿ?”

ಹನ್ನೊಂದು ತಿಂಗಳ ಉದ್ರಿ ಲೆಕ್ಕ ಅದರಲ್ಲಿತ್ತು. ಬೇರೆಲ್ಲೂ ನಕಲಿರಲಿಲ್ಲ. ಅಳಿದದ್ದನ್ನು ಹಿಂದಕ್ಕೆ ತರಲು ಎರಡು ಕಡೆ ತೋರಿಸಿದೆವು, ಆಗಲಿಲ್ಲ. ಬಾಕಿ ಇದ್ದವರಲ್ಲಿ ಹೆಚ್ಚಿನವರು ತಾವಾಗಿ ಬಂದು ಇಷ್ಟಿಷ್ಟು ಕೊಡಬೇಕೆಂದು ಬರೆಸಿ ಹೋದರು. ಎಲ್ಲರೂ ಬರಲಿಲ್ಲ. ಆ ಹಿರಿಯರು ನನ್ನ ಮೇಲೆ ಕೂಗಾಡಲಿಲ್ಲ. “ಕೇಳಿ ಮಾಡಬೇಕಿತ್ತು ಮೇಷ್ಟ್ರೇ” ಎಂದರು, ಅಷ್ಟೆ.

ಆ ಮಾತು ನನ್ನನ್ನು ಬಿಟ್ಟಿಲ್ಲ. ದೂರದ ಕಂಪನಿ ನಮ್ಮನ್ನು ಕೇಳದೆ ನಮ್ಮ ಯಂತ್ರದ ಆಯುಷ್ಯ ನಿಗದಿ ಮಾಡುತ್ತದೆಂದು ವೇದಿಕೆಯ ಮೇಲೆ ದೂರುವ ನಾನು, ಪಕ್ಕದ ಬೀದಿಯವರನ್ನು ಕೇಳದೆ ಅವರ ಡಿಸ್ಕು ಅಳಿಸಿದೆ. ಜನರ ಹಿತ ನಮಗೆ ಗೊತ್ತೆಂದು ಜನರನ್ನು ಕೇಳದೆ ಮಾಡಿದ ಕೆಲಸ, ಮಾಡಿದವನು ಸಮಾಜವಾದಿಯಾದ ಮಾತ್ರಕ್ಕೆ ಸರಿಯಾಗದು. ಗಣಕದ ಯಜಮಾನ ಅದರಲ್ಲಿ ದುಡಿಯುವವನು. ಯಾವ ವ್ಯವಸ್ಥೆ ಬೇಕೆಂಬ ತೀರ್ಮಾನ ಅವನದು. ಬಲ್ಲವನ ಕೆಲಸ, ಇರುವುದನ್ನು ಇದ್ದಂತೆ ಹೇಳುವುದು.

ಆದಕಾರಣ ಈ ಸಾರಿ ಇಬ್ಬರಿಗೂ ಮೊದಲು ಪ್ರಶ್ನೆ ಹಾಕಿದೆ: ಇದರಲ್ಲಿ ನೀವು ಮಾಡುವ ಕೆಲಸವೇನು?

ಹುಡುಗಿ ಪಟ್ಟಿ ಹೇಳಿದಳು. ಕಾಲೇಜಿನ ಟಿಪ್ಪಣಿ ಓದಬೇಕು, ವರದಿ ಬರೆಯಬೇಕು, ಸಿ ಭಾಷೆಯಲ್ಲಿ ಪ್ರೋಗ್ರಾಂ ಅಭ್ಯಾಸ ಮಾಡಬೇಕು, ಅರ್ಜಿ ತುಂಬಬೇಕು. ಇವೆಲ್ಲಕ್ಕೂ ಲಿನಕ್ಸ್ ಸಾಕು. ಬರೆಯಲು ಲಿಬ್ರೆ ಆಫೀಸ್, ಜಾಲಕ್ಕೆ ಫೈರ್‌ಫಾಕ್ಸ್ ಇವೆ, ಹಣ ಕೊಡಬೇಕಾಗಿಲ್ಲ. ಆದರೆ 2 ಜಿ.ಬಿ. ನೆನಪಿಗೆ ಅಲಂಕಾರ ಹೆಚ್ಚಿರುವ ಹೊರರೂಪ ಹಾಕಿದರೆ ಯಂತ್ರ ಏದುಸಿರು ಬಿಡುತ್ತದೆ. ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರವಾದವನ್ನೇ ಆರಿಸಬೇಕು. ಲಿನಕ್ಸ್ ಮಿಂಟ್‌ನವರೂ 2 ಜಿ.ಬಿ. ಕನಿಷ್ಠ, 4 ಜಿ.ಬಿ. ಇದ್ದರೆ ಸುಖ ಎನ್ನುತ್ತಾರೆ. ಒಮ್ಮೆಗೆ ಹತ್ತು ಪುಟ ತೆರೆದರೆ ನಿಲ್ಲುತ್ತದೆ, ಎರಡು ಮೂರು ತೆರೆದರೆ ನಡೆಯುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ಡೆಬಿಯನ್ ಎಂದಳು.

ಅಂಗಡಿಯವರ ಉತ್ತರ ಬೇರೆ. ಅವರ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದೇ, ಆದರೆ ಅದನ್ನು ಕಟ್ಟಿರುವುದು ವಿಂಡೋಸಿಗಾಗಿ. ಹಳೆಯ ಪತ್ರಗಳು ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ಬೇರೆಡೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಇಂಥವರಿಗೆ ವಿಂಡೋಸ್ ಅಳಿಸಿ ಎನ್ನುವುದು ಗಲ್ಲಾಪೆಟ್ಟಿಗೆಗೆ ಬೀಗ ಜಡಿದಂತೆ. ಡಿಸ್ಕು ದೊಡ್ಡದಿರುವುದರಿಂದ ಅದನ್ನು ಭಾಗ ಮಾಡಿ ಎರಡು ವ್ಯವಸ್ಥೆಯನ್ನೂ ಇಡಬಹುದು: ಲೆಕ್ಕಕ್ಕೆ ವಿಂಡೋಸ್, ಅಂತರಜಾಲದ ವ್ಯವಹಾರಕ್ಕೆ ಲಿನಕ್ಸ್. ಗಣಕ ಶುರುವಾಗುವಾಗ ಯಾವುದು ಬೇಕೆಂದು ಕೇಳುತ್ತದೆ. “ದೀಪಾವಳಿ ಲೆಕ್ಕ ಮುಗಿಯಲಿ, ಆಮೇಲೆ ನೋಡೋಣ” ಎಂದರು. ಅದು ಅವರ ತೀರ್ಮಾನ. ಅಲ್ಲಿಯವರೆಗೆ ಪ್ರತಿ ಶನಿವಾರ ಲೆಕ್ಕದ ನಕಲು ತೆಗೆದಿಡಲು ಒಪ್ಪಿದ್ದಾರೆ.

ಈಗ ಮಾಡುವ ಕ್ರಮ. ಮೊದಲು ನಿಮ್ಮ ಕಡತ, ಫೋಟೋ, ಲೆಕ್ಕ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಇನ್ನೊಂದು ಗಣಕದಲ್ಲಿ ತೆರೆದು ನೋಡಿರಿ. ತೆರೆದು ನೋಡದ ನಕಲನ್ನು ನಂಬಬೇಡಿ. ಎರಡನೆಯದಾಗಿ, ಡೆಬಿಯನ್ನಿನ ಅಧಿಕೃತ ತಾಣದಿಂದಲೇ ‘ಲೈವ್’ ಪ್ರತಿಯನ್ನು ಇಳಿಸಿಕೊಂಡು 8 ಜಿ.ಬಿ. ಪೆನ್ ಡ್ರೈವಿಗೆ ಬರೆಯಿರಿ. ಬರಿದೆ ನಕಲು ಮಾಡಿದರಾಗದು, ರುಫಸ್ ಮುಂತಾದ ಉಪಕರಣದಿಂದ ಬರೆಯಬೇಕು. ಪೆನ್ ಡ್ರೈವಿನಲ್ಲಿದ್ದುದು ಅಳಿದುಹೋಗುತ್ತದೆ. ಮೂರನೆಯದಾಗಿ, ಗಣಕ ಹಚ್ಚುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್ ಡ್ರೈವಿನಿಂದ ಎಬ್ಬಿಸಿರಿ. ಯಾವ ಕೀಲಿ ಎಂಬುದು ತಯಾರಕರ ಮೇಲೆ ಹೋಗುತ್ತದೆ. ಆಗ ಡಿಸ್ಕನ್ನು ಮುಟ್ಟದೆಯೇ ಲಿನಕ್ಸನ್ನು ಪರೀಕ್ಷಿಸಬಹುದು. ವೈ-ಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಬೆರಳಿನ ಫಲಕ ಓಡುತ್ತದೆಯೇ, ಮುದ್ರಣಯಂತ್ರ ಮಾತು ಕೇಳುತ್ತದೆಯೇ ನೋಡಿರಿ. ಕೆಲವು ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಸಂಸ್ಕಾರಕ 64 ಬಿಟ್ಟಿನದು, ಅದನ್ನು ಎಬ್ಬಿಸುವ ಒಳತಂತ್ರ ಮಾತ್ರ 32 ಬಿಟ್ಟಿನದು. ಅಂಥವು ಎಲ್ಲ ಪೆನ್ ಡ್ರೈವಿಗೂ ಏಳುವುದಿಲ್ಲ, ಬಲ್ಲವರಿಗೆ ತೋರಿಸಿರಿ. ಎಲ್ಲವೂ ಸರಿಯೆನಿಸಿದ ಮೇಲೆ, ಚಾರ್ಜರ್ ಚುಚ್ಚಿಟ್ಟು, ಸ್ಥಾಪನೆ ಶುರು ಮಾಡಿರಿ. ಡಿಸ್ಕಿನ ಪ್ರಶ್ನೆ ಬಂದಾಗ ಕೈ ತಡೆದು ಎರಡು ಸಾರಿ ಓದಿರಿ.

ಕನ್ನಡದ ಬಗ್ಗೆ ಭಯ ಬೇಡ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡದ ‘ಕಗಪ’ ವಿನ್ಯಾಸವೂ ಇನ್‌ಸ್ಕ್ರಿಪ್ಟೂ ಇವೆ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಗಳೂ ಡೆಬಿಯನ್ನಿನಲ್ಲಿ ಸಿಗುತ್ತವೆ. ಹುಡುಗಿ ಮೊದಲು ಬರೆದದ್ದು ತಂದೆಯ ರಜೆ ಅರ್ಜಿ.

ಕೊನೆಯದಾಗಿ ಎರಡು ಮಾತು. ಒಬ್ಬೊಬ್ಬರಾಗಿ ಹಳೆಯ ಯಂತ್ರ ಉಳಿಸಿಕೊಂಡರೆ ಮುಗಿಯಲಿಲ್ಲ. ಔಷಧಿಯ ಪೊಟ್ಟಣದ ಮೇಲೆ ಕೊನೆಯ ತಾರೀಖು ಇರುತ್ತದೆ. ಸಾಲ ಮಾಡಿ ಕೊಳ್ಳುವ ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ, ಇಂಥ ದಿನದವರೆಗೆ ಭದ್ರತಾ ರಿಪೇರಿ ಕೊಡುತ್ತೇವೆಂದು ಏಕೆ ಬರೆಯಬಾರದು? ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ಪರಿಷ್ಕರಣೆ ಒದಗಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ನಮ್ಮಲ್ಲಿಯೂ ಲ್ಯಾಪ್‌ಟಾಪು ಸೇರಿದಂತೆ ಅಂಥ ನಿಯಮ ಬೇಕೆಂದು ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಕೂಡಿ ಕೇಳಬೇಕು. ಇದರಲ್ಲಿ ಇಬ್ಬರ ಹಿತವೂ ಒಂದೇ.

ಬರುವ ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ಇರುತ್ತೇನೆ, ಬರಬಹುದು. ಚಾರ್ಜರ್ ತನ್ನಿ, ಖಾಲಿ ಪೆನ್ ಡ್ರೈವ್ ತನ್ನಿ. ನಿಮ್ಮ ಲೆಕ್ಕದ ನಕಲು ಮಾತ್ರ ಮನೆಯಲ್ಲೇ ಇಟ್ಟು ಬನ್ನಿ. ನಾನು ಏನು ಮಾಡುವುದಕ್ಕೂ ಮೊದಲು ಕೇಳುತ್ತೇನೆ. ಕೇಳದಿದ್ದರೆ ಕೈ ಹಿಡಿದು ನಿಲ್ಲಿಸಿ.